ಮಣ್ಣಿನ ಉಡಿ

ಭರಮಪ್ಪ ಗಂಟು ಬಿಚ್ಚಿ ಒಂದೊಂದೇ ಸಾಮಾನು ತೆಗೆದು ಡೆಸ್ಕಿನ ಮೇಲೆ ಇಡತೊಡಗಿದಂತೆ ಮಧುಕರ ತನ್ನ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡ. ಹಸಿರು ಕುಪ್ಪಸದ ಖಣ, ಅರಿಷಿಣ ಬಳಿದ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಉತ್ತತ್ತಿ, ಅರಿಷಿಣದ ಕೊಂಬು, ಎಲೆಯ ದೊನ್ನೆಯಲ್ಲಿ ಒಂದು ಹಿಡಿ ಅಕ್ಕಿ. ಇನ್ನೂ ಮಸಿ ಆರದ ಖರೀದಿ ಪತ್ರವನ್ನು ಅವನು ಮೊಣಕೈಯಿಂದಲೇ ಅತ್ತ ಸರಿಸಿದ.

"ಇವೇನ್ರಿ ಭರಮಪ್ಪ?"

"ಉಡಿ ಸಾಮಾನ್ರೀ. ಎತ್ತಿ ಆ ಸಿದ್ದಕ್ಕನ ಉಡ್ಯಾಗ ಹಾಕಿಬಿಡ್ರಿ. ಆಮ್ಯಾಲೆ ಒಳಗ ಹೋಗಿ ಹೆಬ್ಬೆಟ್ಟ ಒತ್ತೂಣು."

ಖಾನಾಪುರದ ನೋಂದಣಿ ಕಚೇರಿಯ ಜಗಲಿಯ ಮೇಲೆ ದಸ್ತಾವೇಜು ಬರೆಯುವವರು ಇಬ್ಬರು ಕೂಡುತ್ತಿದ್ದರು. ಬಾಗಿಲಿನ ಆಚೆ ಬದಿಗೆ ಕಲ್ಲಯ್ಯ. ಅವನು ಅಲ್ಲಿ ಕೂತೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಈಚೆ ಬದಿಗೆ ಮಧುಕರ. ಬೆಳಗಾವಿಯಿಂದ ಬಂದು ಎರಡು ತಿಂಗಳಾಗಿತ್ತು ಅಷ್ಟೆ. ಇವತ್ತಿನ ಪತ್ರ ದೊಡ್ಡದೇನಲ್ಲ. ಸಾತಪ್ಪನೆಂಬವನು ಹಳ್ಳದ ದಂಡೆಯ ತನ್ನ ಹೊಲವನ್ನು ನಂದಗಡದ ಭರಮಪ್ಪನಿಗೆ ಮಾರುತ್ತಿದ್ದ. ಸಾತಪ್ಪನಿಗೆ ಬೇಸಾಯಕ್ಕಿಂತ ಗಾಡಿಯ ಮೇಲೆ ಮನಸ್ಸು. ಎರಡು ಜೋಡಿ ಎತ್ತು ಕೊಂಡು ಕಾಡಿನಿಂದ ಸ್ಟೇಷನ್ನಿಗೆ ಕಟ್ಟಿಗೆ ಸಾಗಿಸುವ ಗುತ್ತಿಗೆ ಹಿಡಿಯುವವನಿದ್ದ. ಅವನ ಅಕ್ಕ ಸಿದ್ದಕ್ಕ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ, ಮಡಿಲ ತುಂಬ ಸೆರಗು ಹಾಸಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಆಕೆ ಹಾಗೆಯೇ ಕೂತಿದ್ದನ್ನು ಮಧುಕರ ನೋಡಿದ್ದ. ಯಾಕೆಂದು ಕೇಳಿರಲಿಲ್ಲ.

"ನಾ ಯಾಕ ಹಾಕಬೇಕ್ರಿ? ಕೊಳ್ಳಾವ್ರು ನೀವು, ನೀವೇ ಕೊಡ್ರೆಲ್ಲ."

ಭರಮಪ್ಪ ನಾಲಿಗೆ ಕಚ್ಚಿಕೊಂಡ. "ಹಂಗ ಬರಂಗಿಲ್ರೀ. ಹುಟ್ಟಿದ ಮನಿ ಹೊಲ ಹೋಗ್ತೈತಿ. ಕೊಂಡಾವ ಕೊಟ್ಟರ ಭಿಕ್ಷಾ ಹಾಕಿದಂಗ. ಅಣ್ಣ ತಮ್ಮ ಕೊಟ್ಟರ, ಮಾರಿದ ರೊಕ್ಕದಾಗಿಂದು ಅಂತಾರ. ಬರದಾವ್ರ ಕೊಡಬೇಕು. ಮಣ್ಣ ಬರದ ಕೊಟ್ಟ ಕೈಲೆ ಮನಿ ಮಗಳಿಗೆ ಉಡಿ. ಮೊದಲಿಂದ ಹಿಂಗ ನಡದ ಬಂದೈತಿ."

ಮಧುಕರನಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ತನ್ನ ಬೆನ್ನ ಹಿಂದೆ ಗೋಡೆಗೆ ಹೊಡೆದಿದ್ದ ತಗಡಿನ ಬೋರ್ಡು. ಯುಗಾದಿಯ ಮುಂಚೆ ಜಿಲ್ಲೆಯಿಂದ ಬಂದದ್ದು. ಒಂದು ಬದಿಗೆ ಮರಾಠಿ, ಒಂದು ಬದಿಗೆ ಕನ್ನಡ. ಸ್ಥಿರ ಆಸ್ತಿಯ ಪತ್ರ ಬರೆದುಕೊಡಲು ಬರಹಗಾರನು ಎಂಟಾಣೆಗಿಂತ ಹೆಚ್ಚು ತೆಗೆದುಕೊಳ್ಳತಕ್ಕದ್ದಲ್ಲ. ಇದರ ಹೊರತು ಹಣವಾಗಲಿ ವಸ್ತುವಾಗಲಿ ಕಾಣಿಕೆಯಾಗಲಿ ಬರಹಗಾರನ ಕೈ ಸೇರಿದರೆ ಅವನ ಪರವಾನಗಿಯ ಸನದು ರದ್ದಾಗುವುದು. ಈ ಮಾತುಗಳನ್ನು ಅವನು ಎಷ್ಟು ಸಲ ಓದಿದ್ದನೆಂದರೆ, ಕಣ್ಣು ಮುಚ್ಚಿದರೆ ಪೇಂಟರನು ಎಲ್ಲಿ ಬಣ್ಣ ಸೋರಿಸಿದ್ದಾನೆ ಎನ್ನುವುದೂ ಕಾಣುತ್ತಿತ್ತು. ಪಕ್ಕದ ತಾಲೂಕಿನಲ್ಲಿ ಒಬ್ಬನ ಸನದು ಎರಡು ಹಲಸಿನ ಹಣ್ಣಿಗೆ ಹೋಗಿತ್ತು. ಹಣ್ಣು ಅವನ ಮನೆಯ ಕಟ್ಟೆಯ ಮೇಲೆ ಇದ್ದವಂತೆ, ಇನ್ನೂ ಕೊಯ್ದಿರಲಿಲ್ಲವಂತೆ.

"ನಾ ಮುಟ್ಟಂಗಿಲ್ರಿ," ಎಂದ ಮಧುಕರ. "ನಿಯಮ ಅದ. ಎಂಟಾಣೆ ಬಿಟ್ಟರ ನನ್ನ ಕೈಯಾಗ ಏನೂ ಬರಬಾರದು."

"ನಿಮಗ ಯಾರ ಕೊಟ್ಟರ್ರೀ ಇದನ್ನ? ಆಕಿಗೆ."

"ನನ್ನ ಕೈ ಮುಟ್ಟೇ ಹೋಗ್ಬೇಕಲ್ಲ."

ಆಚೆ ಬದಿಯಿಂದ ಕಲ್ಲಯ್ಯ ನಕ್ಕ. ಎಲೆ ಜಗಿದು ಕೆಂಪಾದ ನಗೆ. "ಭರಮಪ್ಪಾ, ಹುಡುಗಗ ಅಂಜಿಸಬ್ಯಾಡೋ. ಅವಂಗ ತೆಂಗಿನಕಾಯ್ಯಾಗೂ ಸರಕಾರದ ಮೂರು ಕಣ್ಣು ಕಾಣತಾವು."

"ಹಂಗಾರ ನೀವ ಹಾಕಿಬಿಡ್ರಿ ಅಯ್ಯನವರ."

"ನಾ ಬರದಿಲ್ಲಲ್ಲ. ಬರದಾವ್ರು ಅವರು. ಮತ್ತ ಬೋರ್ಡ ನನ್ನ ಬೆನ್ನಿಗೂ ಐತಪಾ."

ಕಲ್ಲಯ್ಯನ ಮಾತಿನಲ್ಲಿ ಹಳೆಯ ಕಹಿ ಇತ್ತು. ಬೋರ್ಡು ಬರುವ ಮುಂಚೆ ಅವನು ಬರೆದದ್ದಕ್ಕೆ ಒಂದು, ಓದಿ ಹೇಳಿದ್ದಕ್ಕೆ ಒಂದು, ಮಸಿಗೆ ಒಂದು, ಲೇಖಣಿ ಪೂಜೆಗೆ ಒಂದು ಎಂದು ವಸೂಲಿ ಮಾಡುತ್ತಿದ್ದವನು. ಹೀಗೇ ಇನ್ನೊಬ್ಬ ಬರಹಗಾರ ಮಧುಕರನ ತಾಯಿಯಿಂದಲೂ ವಸೂಲಿ ಮಾಡಿದ್ದ. ಶಹಾಪುರದಲ್ಲಿ ಎರಡು ಖೋಲಿಯ ಮನೆ ಕೊಂಡಾಗ ಆಕೆ ಪತ್ರ ಕೈಗೆ ಬರುವ ಹೊತ್ತಿಗೆ ಮೂಗಿನ ನತ್ತು ಮಾರಿದ್ದಳು. ಮನೆ ಬಂತು, ನತ್ತು ಮತ್ತೆ ಬರಲಿಲ್ಲ. ಬೋರ್ಡನ್ನು ಮೊದಲ ಸಲ ಓದಿದ ದಿನ ಮಧುಕರನಿಗೆ, ಅವ್ವ ಇರಬೇಕಿತ್ತು ಅನ್ನಿಸಿತ್ತು.

ಸಿದ್ದಕ್ಕ ಎಲ್ಲರ ಮುಖವನ್ನೂ ನೋಡಿದಳು. ಕಚೇರಿಗೆ ಬಂದಿದ್ದ ಜನ ಮಾತು ನಿಲ್ಲಿಸಿ ಈಚೆ ತಿರುಗಿದ್ದರು. ಆಕೆ ಹಾಸಿದ್ದ ಸೆರಗಿನ ಎರಡೂ ತುದಿ ಹಿಡಿದು ಒಮ್ಮೆ ಝಾಡಿಸಿದಳು, ಅದರಲ್ಲಿ ಏನೋ ಇದ್ದಂತೆ. ಎದ್ದು ತಲೆಯ ಮೇಲೆ ಹೊದ್ದುಕೊಂಡಳು.

"ಆತ ಬಿಡಪಾ. ಸರಕಾರ ಬ್ಯಾಡ ಅಂದರ ಬ್ಯಾಡ. ಸಾತಪ್ಪಾ, ನೀ ಹೆಬ್ಬೆಟ್ಟ ಒತ್ತಿ ಬಾ, ನಾ ಮುಂದ ನಡಿತೀನಿ."

ಸಾತಪ್ಪ ತಲೆ ಎತ್ತಲಿಲ್ಲ. ಹೆಬ್ಬೆಟ್ಟು ಬಿತ್ತು. ಸಬ್ ರಜಿಸ್ಟ್ರಾರರು ಕೇಳುವುದನ್ನು ಕೇಳಿದರು, ಸಾಕ್ಷಿಗಳು ಹೂಂ ಎಂದರು. ಕಾಯ್ದೆಯ ಪ್ರಕಾರ ಎಲ್ಲ ಸರಿಯಾಗಿ ಮುಗಿಯಿತು. ಭರಮಪ್ಪ ಎಂಟಾಣೆ ಕೊಟ್ಟು ಖಣದ ಗಂಟನ್ನು ಮತ್ತೆ ಕಟ್ಟಿಕೊಂಡ. "ಇದನ್ನ ಈಗ ಏನ್ ಮಾಡಬೇಕ್ರೀ? ಒಬ್ಬಾಕಿ ಹೆಸರೀಲೆ ತಂದದ್ದು. ಮನಿಗೆ ಒಯ್ಯಾಕೂ ಬರಂಗಿಲ್ಲ, ಮತ್ತೊಬ್ಬಾಕಿಗೆ ಕೊಡಾಕೂ ಬರಂಗಿಲ್ಲ."

ಮಧುಕರ ಮಸಿಕುಡಿಕೆಯ ಮುಚ್ಚಳ ಹಾಕಿ, ಸರಿಯಾಗಿ ಬಿತ್ತೋ ಇಲ್ಲವೋ ಎಂದು ಮತ್ತೆ ತೆಗೆದು ಹಾಕಿದ.

ಶನಿವಾರ ಸಂಜೆಯ ರೈಲಿಗೆ ಮಧುಕರ ಬೆಳಗಾವಿಗೆ ಹೊರಟ. ವಾರವೆಲ್ಲ ಖಾನಾಪುರದಲ್ಲಿ ಒಂದು ಖೋಲಿ ಹಿಡಿದು ಇರುತ್ತಿದ್ದ, ಹೆಂಡತಿ ಕುಂದಾ ಶಹಾಪುರದ ಮನೆಯಲ್ಲಿ. ರೈಲು ದೇಸೂರು ದಾಟುವ ತನಕ ಅವನು ನಡೆದದ್ದನ್ನು ಮನಸ್ಸಿನಲ್ಲಿ ಸರಿಪಡಿಸಿಕೊಳ್ಳುತ್ತ ಕೂತ. ತಾನು ಮಾಡಿದ್ದು ಸರಿ. ಸರಿಯಾಗಿದ್ದರೆ ಇಷ್ಟು ಸಲ ಸರಿ ಎಂದು ಹೇಳಿಕೊಳ್ಳುವುದು ಯಾಕೆ? ಇದು ಅವನ ಹಳೆಯ ರೋಗ. ಹಗಲೆಲ್ಲ ಖಡೇಬಜಾರದ ಬಟ್ಟೆ ಅಂಗಡಿಯಲ್ಲಿ ಖಣ ಮಡಚಿ, ಸಂಜೆ ಮಾರುತಿ ಗಲ್ಲಿಯ ರಾತ್ರಿ ಸಾಲೆಯಲ್ಲಿ ಕಂದೀಲಿನ ಬೆಳಕಿಗೆ ಕಲಿತವನು ಅವನು. ಹಗಲು ಹೊತ್ತಿನಲ್ಲಿ ಕಲಿತವರಿಗೆ ಗೊತ್ತಿರುವ ಒಂದು ಮಾತು ತನಗೆ ಮಾತ್ರ ಯಾರೂ ಹೇಳಿಲ್ಲ ಎನ್ನುವ ಅಂಜಿಕೆ ಅವನನ್ನು ಬಿಟ್ಟಿರಲಿಲ್ಲ. ಪರೀಕ್ಷೆ ಪಾಸಾಗಿ ಸನದು ಸಿಕ್ಕಾಗ ಅಂಗಡಿಯ ಸಾವುಕಾರ, "ಮತ್ತ ಇಲ್ಲಿ ಬರಬ್ಯಾಡ, ನಿನ್ನ ಜಾಗಾಕ್ಕ ಬ್ಯಾರೆ ಹುಡುಗ ಬಂದಾನ," ಎಂದು ನಕ್ಕೊಂತಲೇ ಹೇಳಿದ್ದ. ಆ ಸನದು ಹೋದರೆ ಹಿಂದಕ್ಕೆ ಹೋಗಲು ಅಂಗಡಿಯೂ ಇರಲಿಲ್ಲ.

ಮರುದಿನ ಕುಂದಾ ಮೊರದಲ್ಲಿ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿದಳು. ಅವನು ಬೋರ್ಡಿನ ಮಾತುಗಳನ್ನು ಅಕ್ಷರ ಬಿಡದೆ ಹೇಳಿದ. ಆಕೆ ಕಲ್ಲೊಂದನ್ನು ತೆಗೆದು ಅಂಗಳಕ್ಕೆ ಎಸೆದಳು.

"ಆಕಿ ಏನಂದ್ಲು?"

"ಆತ ಬಿಡಪಾ ಅಂದ್ಲು. ಸೆರಗ ಝಾಡಿಸ್ಕೊಂಡು ಎದ್ದು ಹೋದ್ಲು."

"ಬೈಲಿಲ್ಲ?"

"ಇಲ್ಲ."

"ಬೈದಿದ್ರ ಛೊಲೊ ಇತ್ತು." ಮತ್ತೆ ಸ್ವಲ್ಪ ಹೊತ್ತು ಅಕ್ಕಿ ಆರಿಸಿ, "ನಮ್ಮಪ್ಪನ ಹೊಲ ಹೋದಾಗ ನನಗೂ ಹಾಕಿದ್ರು," ಎಂದಳು. "ಬದನಿಕಾಯಿ ಬಣ್ಣದ ಖಣ. ಬರದಾವ ಮುದುಕ ಇದ್ದ, ಕೈ ನಡಗತಿದ್ವು. ಅಕ್ಕಿ ಎಲ್ಲಾ ಚೆಲ್ಲಿ ಬಿಟ್ಟಿದ್ದ."

"ನನಗ ಒಮ್ಮೆನೂ ಹೇಳಿಲ್ಲ ನೀ."

"ಹೇಳೂದೇನದ ಅದರಾಗ?"

"ಎಲ್ಲದ ಅದು ಖಣ?"

"ಹರದು ಹೋತು. ಛೊಲೊ ಇದ್ದ ತುಕಡಿ ಉಳಿಸಿ ನಿಮ್ಮ ಟೊಪಗಿಗೆ ಅಸ್ತರ ಹಾಕೀನಿ. ನೋಡಿಲ್ಲೇನು?"

ಮಧುಕರ ಗೂಟದ ಮೇಲಿನ ಕರಿ ಟೊಪ್ಪಿಗೆಯನ್ನು ತೆಗೆದು ಒಳಗೆ ನೋಡಿದ. ಬದನೆಕಾಯಿ ಬಣ್ಣ ಬೆವರಿಗೆ ಮಾಸಿತ್ತು. ಅಂಚಿನ ಹತ್ತಿರ ಮಾತ್ರ ನೇಯ್ಗೆಯ ಸಣ್ಣ ಬುಟ್ಟಾ ಇನ್ನೂ ಕಾಣುತ್ತಿತ್ತು. ಅಷ್ಟು ವರ್ಷ ಖಣ ಮಡಚಿದ ಕೈ, ದಿನಾ ತಲೆಗೆ ಇಟ್ಟುಕೊಳ್ಳುವಾಗ ಒಂದು ಸಲವೂ ಅದನ್ನು ಗುರುತಿಸಿರಲಿಲ್ಲ. ಅವನು ಅದನ್ನು ಹಾಗೆಯೇ ಗೂಟಕ್ಕೆ ಹಾಕಿದ.

ಸೋಮವಾರ ಅವನು ಖಾನಾಪುರದ ಗಾಡಿ ಹಿಡಿಯದೆ ಜಿಲ್ಲೆಯ ಕಚೇರಿಗೆ ಹೋದ. ಅಲ್ಲಿಯ ಹಿರಿಯ ಕಾರಕೂನ ಬಾಳಾಸಾಹೇಬರು ಅವನ ಪರೀಕ್ಷೆಯ ದಿನ ಕಾಗದ ಹಂಚಿದ್ದವರು. ಅವರ ಮುಂದೆ ನಿಂತು ಅವನು ಮೆಟ್ಟಿಲು, ಸೆರಗು, ತೆಂಗಿನಕಾಯಿ ಎಲ್ಲ ಹೇಳಿದ. ಬಾಳಾಸಾಹೇಬರು ಕನ್ನಡಕವನ್ನು ಹಣೆಗೆ ಏರಿಸಿದರು.

"ಖಣ ನೀ ಇಟ್ಕೊಂತಿ ಏನ?"

"ಇಲ್ರೀ ಸಾಹೇಬ್ರ. ಕೈ ಮುಟ್ಟಿಸಿ ಕೊಡೂದು ಅಷ್ಟ."

"ಮತ್ತೇನ ಚಿಂತಿ? ಕೊಡು."

"ಬೋರ್ಡಿನಾಗ 'ಕೈ ಸೇರಿದರೆ' ಅಂತ ಅದರೀ. ಯಾರರ ತಕ್ರಾರ ಮಾಡಿದ್ರ?"

"ಮಾಡಿದ್ರ ವಿಚಾರಣಿ ಆಗ್ತೈತಿ."

"ವಿಚಾರಣ್ಯಾಗ ಸನದ ಉಳೀತದ ಏನ್ರಿ?"

"ಅದನ್ನ ನಾ ಹೆಂಗ ಹೇಳಲಿ? ನಾ ಏನ ಸಾಹೇಬನ?"

"ಖಣಕ್ಕ ಈ ನಿಯಮ ಹತ್ತಂಗಿಲ್ಲ ಅಂತ ಒಂದ ಸಾಲ ಬರದು ಕೊಟ್ರ..."

ಬಾಳಾಸಾಹೇಬರು ಸುತ್ತ ನೋಡಿ ದನಿ ತಗ್ಗಿಸಿದರು. "ಹುಚ್ಚಪ್ಪಾ, ಬಾಯ್ಲೆ ಕೇಳಿದಿ, ಬಾಯ್ಲೆ ಹೇಳಿದೆ. ಬರದು ಕೇಳಿದ್ರ ಸಾಹೇಬರು ಬರದ ಉತ್ತರ ಕೊಡಬೇಕು. ಬರದ ಉತ್ತರ ಯಾವಾಗಲೂ 'ಇಲ್ಲ' ಅಂತ ಇರ್ತೈತಿ, ಅದರಾಗ ಯಾರಿಗೂ ಧಕ್ಕಿ ಇಲ್ಲ. ಆಮ್ಯಾಲೆ ಇಡೀ ಜಿಲ್ಲಾದಾಗ ಒಬ್ಬ ಹೆಣ್ಮಗಳ ಉಡ್ಯಾಗ ಕಾಳ ಬೀಳಂಗಿಲ್ಲ. ನಿನ್ನ ಒಬ್ಬನ ಅಂಜಿಕಿಗೆ ಅಷ್ಟೂ ಮಂದಿದು ಬಂದ್ ಮಾಡಸ್ತಿ? ಹೋಗು, ಕೆಲಸ ನೋಡಕೋ ಹೋಗು."

ಅವನು ಬಾಗಿಲ ತನಕ ಹೋದಾಗ ಅವರೇ ಕೂಗಿ ಹೇಳಿದರು. "ಈ ಶುಕ್ರವಾರ ಮಧ್ಯಾಹ್ನದ ಗಾಡಿಗೆ ನಿಮ್ಮ ಕಡೆ ತಪಾಸಣಿ ಐತಿ. ಹೊಸಾ ಸಾಹೇಬರು, ಭಾಳ ಕಡಕ್. ಅಂಗಿ ಒಗದ್ದು ಹಾಕ್ಕೋ."

ಅದು ಉಪಕಾರವೋ ಎಚ್ಚರಿಕೆಯೋ ಮಧುಕರನಿಗೆ ತಿಳಿಯಲಿಲ್ಲ. ಎರಡೂ ಇರಬಹುದು.

ಮಂಗಳವಾರ ಖಾನಾಪುರದಲ್ಲಿ ಭರಮಪ್ಪ ಅವನ ದಾರಿಯನ್ನೇ ಕಾಯುತ್ತಿದ್ದ. ಹಿಂದಿನ ದಿನ ರೋಹಿಣಿ ಮಳೆ ಹದವಾಗಿ ಬಿದ್ದಿತ್ತು. ಜಗಲಿಯ ಮುಂದಿನ ಕೆಂಪು ಮಣ್ಣಿನಲ್ಲಿ ಗಾಲಿಯ ಗುರುತುಗಳು ಆಳವಾಗಿ ಕೂತಿದ್ದವು.

"ಊರ ಮಂದಿ ಎಲ್ಲಾ ಕೂರಿಗಿ ಹೂಡ್ಯಾರ್ರೀ. ನಮ್ಮ ಮನಿಯಾಕಿ ಕಾಡವ್ವ ಬೀಜದ ಬುಟ್ಟಿ ಮ್ಯಾಲೆ ಕುಂತಾಳ. ಆ ಮನಿ ಮಗಳು ಮಣ್ಣ ಬಿಟ್ಟಿಲ್ಲ, ನಾ ಒಂದ ಕಾಳ ಹೊರಗ ಕೊಡಂಗಿಲ್ಲ ಅಂತಾಳ. ನಾ ಹೇಳಿದ್ನಿ, ಏ, ರಜಿಸ್ಟರ ಆಗೈತಿ, ಹೊಲ ನಮ್ಮದು ಅಂತ. ಆಕಿ ಏನಂತಾಳ ಗೊತ್ತೈತೇನ್ರಿ? 'ರಜಿಸ್ಟರನ್ಯಾಗ ಬಿತ್ತು ಹೋಗು' ಅಂತಾಳ."

ಕಲ್ಲಯ್ಯ ಗಹಗಹಿಸಿ ನಕ್ಕ. ಭರಮಪ್ಪನಿಗೆ ನಗು ಬರಲಿಲ್ಲ.

"ನಾನ ಹೋಗಿದ್ನಿರಿ ಸಿದ್ದಕ್ಕನ ಮನಿಗೆ, ಗಂಟ ತಗೊಂಡು. ಕುಂದರ ಅಂದ್ಲು, ಮಜ್ಜಿಗಿ ಕೊಟ್ಲು. ಗಂಟ ಮಾತ್ರ ಮುಟ್ಟಲಿಲ್ಲ. ನೀ ಕೊಟ್ಟರ ನಾ ತಿರಕೊಂಡಂಗ ಆಗ್ತೈತಿ ಭರಮಪ್ಪಾ, ಅಂದ್ಲು. ಆಕಿದೇನೂ ತಪ್ಪಿಲ್ಲರಿ. ಹದಾ ಹೋಗೂದ್ರಾಗ ನೀವು ಒಂದೀಟ ಮನಸ ಮಾಡ್ರಿ."

ಮಧುಕರ ಆ ಗಂಟನ್ನು ಮುಟ್ಟದೆ, ತನ್ನ ಕೈಚೀಲದ ಬಾಯಿ ತೆರೆದು ಹಿಡಿದ. ಭರಮಪ್ಪನೇ ಅದರೊಳಗೆ ಇಟ್ಟ.

ಬುಧವಾರ ನಂದಗಡದ ಸಂತೆ. ಸಿದ್ದಕ್ಕ ಅಲ್ಲಿಗೆ ಬರುತ್ತಾಳೆಂದು ಭರಮಪ್ಪ ಹೇಳಿದ್ದ. ಮಧುಕರ ಅರ್ಧ ದಿನದ ಕೆಲಸ ಬಿಟ್ಟು, ಬಾಡಿಗೆ ಗಾಡಿಯಲ್ಲಿ ಕೂತು ಹೋದ. ದಾರಿಯುದ್ದಕ್ಕೂ ಅವನು ಒಂದು ಲೆಕ್ಕ ಹಾಕಿಕೊಂಡಿದ್ದ. ಬೋರ್ಡು ಇರುವುದು ಕಚೇರಿಯಲ್ಲಿ. ಸಂತೆಯಲ್ಲಿ ಅವನು ಬರಹಗಾರನಲ್ಲ, ಟೊಪ್ಪಿಗೆ ಹಾಕಿದ ಒಬ್ಬ ಮನುಷ್ಯ. ಅಲ್ಲಿ ಕೊಟ್ಟರೆ ಪದ್ಧತಿಯೂ ನಡೆಯಿತು, ನಿಯಮವೂ ಮುರಿಯಲಿಲ್ಲ. ಇಷ್ಟು ಚೆನ್ನಾಗಿ ಕೂಡಿಬಂದ ಲೆಕ್ಕದಲ್ಲಿ ಎಲ್ಲೋ ತಪ್ಪಿರಬೇಕು ಎಂದೂ ಅನ್ನಿಸುತ್ತಿತ್ತು.

ಸಿದ್ದಕ್ಕ ಸಂತೆಯ ಅಂಚಿನಲ್ಲಿ ಸೌತೆಕಾಯಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವನನ್ನು ಕಂಡು ಆಕೆಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಒಂದು ಗೋಣಿತಟ್ಟು ಎಳೆದು ಹಾಕಿದಳು.

"ಕುಂದರ ತಮ್ಮಾ. ಬಿಸಲಾಗ ಬಂದಿ." ಒಂದು ಎಳೆ ಸೌತೆಕಾಯಿ ತೆಗೆದು ಒರೆಸಿ ಕೊಟ್ಟಳು. ಮಧುಕರನ ಕೈ ಅರ್ಧಕ್ಕೇ ನಿಂತಿತು. ಆಕೆ ಬಾಯಿ ಬಿಟ್ಟು ನಕ್ಕಳು. "ತಿನ್ನೋ, ಇದಕ್ಕೂ ಬೋರ್ಡ ಐತೇನ? ಸೌತಿಕಾಯಿ ಇದು."

ಅವನು ತಿಂದ. ನಿಜವಾಗಿಯೂ ಬಾಯಾರಿತ್ತು. ತಿಂದು ಮುಗಿಸಿ, ಆಚೆ ಈಚೆ ನೋಡಿ, ಕೈಚೀಲವನ್ನು ಬುಟ್ಟಿಯ ಹಿಂದೆ ಸರಿಸಿ ಬಾಯಿ ತೆರೆದ. ಸಿದ್ದಕ್ಕ ಒಳಗೆ ಇಣುಕಿದಳು. ಹಸಿರು ಖಣದ ಅಂಚು ಕಂಡಿತು. ಆಕೆಯ ಮುಖದ ನಗು ಹೋಯಿತು. ಸಿಟ್ಟೂ ಬರಲಿಲ್ಲ.

"ಇಲ್ಲಿ ಬೋರ್ಡ ಇಲ್ಲಂತ ಬಂದಿ ಏನ ತಮ್ಮಾ?"

ಮಧುಕರ ಚೀಲದ ಬಾಯಿ ಮುಚ್ಚಿದ.

"ಬುಟ್ಟಿ ಹಿಂದ ಕೊಟ್ಟರ ಕದ್ದ ಮಾಲ ತಗೊಂಡಂಗ ಆಗ್ತೈತಿ. ಅಲ್ಲೆ ಎಲ್ಲಾರ ಮುಂದ ನಾ ಸೆರಗ ಹಾಸಿದ್ನಿ. ಅಲ್ಲೆ ಎಲ್ಲಾರ ಮುಂದ ಝಾಡಿಸ್ಕೊಂಡ ಎದ್ನಿ. ನಮ್ಮ ಅತ್ತಿ ಮನ್ಯಾಗ ಅದ ಮಾತು. ನಿನ್ನ ತವರಿನ ಮಣ್ಣಿಗೆ ಒಂದ ಖಣದ ಮಾನನೂ ಇಲ್ಲೇನ ಅಂತಾರ. ನಮ್ಮಪ್ಪ ಆ ಹೊಲದಾಗ ಬದು ಹಾಕೂ ಮುಂದ ಕಲ್ಲ ಹೊತ್ತಾಕಿ ನಾನು. ಸಾತಪ್ಪ ಆಗ ತೊಟ್ಟಿಲದಾಗಿದ್ದ. ಕಲ್ಲಿನ ಲೆಕ್ಕ ನಾ ಕೇಳಿಲ್ಲ, ಕೇಳೂದೂ ಇಲ್ಲ. ಮಾರಲಿ, ಗಾಡಿ ಹೊಡೀಲಿ. ಮನಿ ಮಗಳು ಅಂತ ಒಂದ ಸಲ ಕರದ ಹೇಳೂದಕ್ಕೂ ಕಾಯ್ದೆ ಅಡ್ಡ ಬಂತಲ್ಲ, ಅದೊಂದ ನನಗ ತಿಳೀಲಿಲ್ಲ."

"ನನ್ನ ಸನದ ಹೋಗ್ತದ ಅಕ್ಕಾ," ಎಂದ ಮಧುಕರ. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು, ಎಷ್ಟು ದೊಡ್ಡ ಮಾತು ಎರಡೂ ಅವನಿಗೆ ಕೇಳಿಸಿತು.

"ಹೋಗಬಾರದಪಾ. ನಿನಗೂ ಹೊಟ್ಟಿ ಐತಿ." ಆಕೆ ಒಬ್ಬ ಗಿರಾಕಿಗೆ ಸೌತೆಕಾಯಿ ಆರಿಸಿ ಕೊಟ್ಟು ಮತ್ತೆ ತಿರುಗಿದಳು. "ಆ ಬೋರ್ಡೂ ಛಲೋನ ಐತಿ. ಇಲ್ಲಾಂದ್ರ ಆ ಅಯ್ಯ ನಮ್ಮ ತಮ್ಮನ ಅಂಗಿ ಬಿಚ್ಚಿ ಇಸ್ಕೊಂತಿದ್ದ. ಅದಕ್ಕ ಯಾರ ಬ್ಯಾಡ ಅಂದಾರು? ಶುಕ್ರವಾರ ನಮ್ಮವರು ಗಾಡಿ ಹೂಡಿ ಖಾನಾಪುರಕ್ಕ ಬರತಾರ. ನಾ ಬಂದು ಅದ ಮೆಟ್ಟಲ ಮ್ಯಾಲೆ ಕುಂದರತೀನಿ. ನೀ ಕೊಟ್ಟರ ಕೊಡು, ಬಿಟ್ಟರ ಬಿಡು. ಎರಡನೇ ಸಲ ಝಾಡಿಸ್ಕೊಂಡ ಎದ್ದರ ನಾ ಏನ ಸವದು ಹೋಗಂಗಿಲ್ಲ."

"ಶುಕ್ರವಾರ?" ಎಂದ ಮಧುಕರ.

"ಯಾಕ, ಶುಕ್ರವಾರ ಛಲೋ ದಿನ ಅಲ್ಲೇನ?"

ಅವನು ಅಲ್ಲ ಎನ್ನಲಿಲ್ಲ. ಗುರುವಾರವೆಲ್ಲ, ಬೇರೆ ದಿನ ಬಾ ಎಂದು ನಂದಗಡದ ಕಡೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಬಹುದಿತ್ತು. ಎರಡು ಗಾಡಿ ಅವನ ಮುಂದೆಯೇ ಆ ದಾರಿಗೆ ಹೋದವು. ಪ್ರತಿ ಸಲವೂ ಏಳಲು ಹೋಗಿ ಕೂತ. ಹಾಗೆ ಹೇಳಿ ಕಳಿಸುವುದೆಂದರೆ ಮತ್ತೊಮ್ಮೆ ಸೆರಗು ಝಾಡಿಸು ಎಂದ ಹಾಗೇ ಅಲ್ಲವೆ? ಅಥವಾ ಅಲ್ಲವೇನೋ. ಅವನಿಗೆ ನಿರ್ಧರಿಸಲು ಆಗಲಿಲ್ಲ. ಅಷ್ಟರಲ್ಲಿ ಗುರುವಾರ ಮುಗಿಯಿತು.

ಶುಕ್ರವಾರ ಕಚೇರಿಯ ಅಂಗಳ ಗುಡಿಸಿ ನೀರು ಹೊಡೆದಿದ್ದರು. ಜವಾನ ಬೋರ್ಡನ್ನೂ ಒದ್ದೆ ಬಟ್ಟೆಯಿಂದ ಒರೆಸಿದ್ದ. ಅಕ್ಷರಗಳು ಹೊಳೆಯುತ್ತಿದ್ದವು. ಕಲ್ಲಯ್ಯ ಕೂಡ ಬಿಳಿ ಅಂಗಿ ಹಾಕಿ, ಎಲೆ ಅಡಿಕೆಯ ಚಂಚಿಯನ್ನು ಡೆಸ್ಕಿನ ಕೆಳಗೆ ಮುಚ್ಚಿಟ್ಟಿದ್ದ. ಸಾಹೇಬರು ಬರುವ ಮಧ್ಯಾಹ್ನದ ರೈಲಿಗೆ ಇನ್ನೂ ಹೊತ್ತಿತ್ತು. ಭರಮಪ್ಪ ಬೆಳಿಗ್ಗೆಯೇ ಬಂದು ಬೇವಿನ ಮರದ ಕೆಳಗೆ ನಿಂತಿದ್ದ. ಮೋಡ ಕವಿದು ಗಾಳಿ ಬಿದ್ದಿತ್ತು.

ಸಿದ್ದಕ್ಕ ಗಾಡಿಯಿಂದ ಇಳಿದಳು. ಯಾರನ್ನೂ ಮಾತಾಡಿಸದೆ ಅದೇ ಮೆಟ್ಟಿಲ ಮೇಲೆ ಕೂತು ಸೆರಗನ್ನು ಮಡಿಲಿಗೆ ಹಾಸಿಕೊಂಡಳು. ಆಕೆಯ ಗಂಡ ಎತ್ತಿನ ಕೊರಳ ಹಗ್ಗ ಹಿಡಿದು ದೂರ ನಿಂತ. ಜನ ಮಾತು ನಿಲ್ಲಿಸಿದರು, ಹೋದ ಸಲದ ಹಾಗೆಯೇ.

ಮಧುಕರ ಒಂದು ಪತ್ರದ ನಡುವೆ ಇದ್ದ. ಕುಂಬಾರ ದಂಪತಿಗಳು ಭಟ್ಟಿಗೆಂದು ಜಾಗ ಕೊಳ್ಳುತ್ತಿದ್ದರು. ಅವನು ಲೇಖಣಿ ಇಟ್ಟ. ಕೈಚೀಲದಲ್ಲಿ ಕೈ ಹಾಕಿದ. ತೆಗೆಯುವಾಗ ಗಂಟು ಬಿಚ್ಚಿಕೊಂಡು ಉತ್ತತ್ತಿ ಎರಡು ಉರುಳಿ ಹೋದವು. ಅವನು ಬಗ್ಗಿ ಅವನ್ನು ಹುಡುಕಿ ತೆಗೆದ. ಆ ಹೊತ್ತಿನಲ್ಲಿ ಯಾರಾದರೂ ನಕ್ಕಿದ್ದರೆ ಅವನು ಬಹುಶಃ ಕೂತುಬಿಡುತ್ತಿದ್ದ. ಯಾರೂ ನಗಲಿಲ್ಲ. ಎಲ್ಲವನ್ನೂ ಖಣದ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದ. ಇಳಿಯುವಾಗ ದೊನ್ನೆ ವಾಲಿ ಅಕ್ಕಿ ಸ್ವಲ್ಪ ಚೆಲ್ಲಿತು.

"ತಗೋರಿ ಅಕ್ಕಾ."

ಸಿದ್ದಕ್ಕ ಸೆರಗು ಎತ್ತಲಿಲ್ಲ. "ಬರದಾವ ಹೇಳೂದ ಒಂದ ಮಾತ ಐತಿ. ಎಲ್ಲಾರಿಗೂ ಕೇಳೂ ಹಂಗ."

ಅವನು ಭರಮಪ್ಪನ ಕಡೆ ನೋಡಿದ. ಭರಮಪ್ಪ ಬಾಯಿ ಅಲ್ಲಾಡಿಸಿ ಏನೋ ಹೇಳಿಕೊಟ್ಟ, ತಿಳಿಯಲಿಲ್ಲ. ಆಗ ಬಾಗಿಲ ಆಚೆಯಿಂದ ಕಲ್ಲಯ್ಯ, ತನ್ನ ಕಾಗದದಿಂದ ತಲೆ ಎತ್ತದೆ, ಲೆಕ್ಕ ಓದುವವನ ದನಿಯಲ್ಲಿ ಹೇಳಿದ: "ಸಾತಪ್ಪನ ಮನಿ ಮಗಳು, ಹಳ್ಳದ ದಂಡಿ ಹೊಲದ ಉಡಿ."

"ಸಾತಪ್ಪನ ಮನಿ ಮಗಳು," ಎಂದ ಮಧುಕರ. ದನಿ ಅವನು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಬಂತು. ಒಳಗಿನಿಂದ ಒಬ್ಬ ಕಾರಕೂನ ಬಾಗಿಲಿಗೆ ಬಂದು ನಿಂತ. "ಹಳ್ಳದ ದಂಡಿ ಹೊಲದ ಉಡಿ."

ಸಿದ್ದಕ್ಕ ಸೆರಗನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. ಅವನು ಹಾಕಿದ. ಆಕೆ ಅದನ್ನು ಒಟ್ಟು ಮಾಡಿ, ಸೊಂಟಕ್ಕೆ ಸಿಕ್ಕಿಸಿ, ಎದ್ದು ನಿಂತು ಭರಮಪ್ಪನ ಕಡೆ ಕೈ ಮಾಡಿದಳು.

"ಮಣ್ಣ ಬಿಟ್ಟೆ. ಬೆಳದ ಉಣ್ರಿ."

ಭರಮಪ್ಪ ಹೂಂ ಎಂದ. ಮುಂಡಾಸು ಬಿಗಿದುಕೊಂಡು ತನ್ನ ಗಾಡಿಯ ಕಡೆ ಹೆಚ್ಚು ಕಡಿಮೆ ಓಡಿದ. ಸಿದ್ದಕ್ಕ ಚೆಲ್ಲಿದ್ದ ಅಕ್ಕಿಯ ಕಾಳುಗಳನ್ನು ಮೆಟ್ಟಿಲಿಂದ ಒಂದೊಂದಾಗಿ ಆರಿಸಿ ಉಡಿಗೆ ಹಾಕಿಕೊಂಡಳು. ಹೋಗುವಾಗ ಮಧುಕರನ ಕಡೆ ನೋಡಿ ತಲೆ ಆಡಿಸಿದಳು, ಸಂತೆಯಲ್ಲಿ ಪರಿಚಯದವರಿಗೆ ಆಡಿಸುವ ಹಾಗೆ.

ಬಾಗಿಲಲ್ಲಿದ್ದ ಕಾರಕೂನ ಒಂದು ಗಳಿಗೆ ಬೋರ್ಡು ನೋಡಿದ, ಒಂದು ಗಳಿಗೆ ಮಧುಕರನನ್ನು ನೋಡಿದ. ಮತ್ತೆ ಒಳಗೆ ಹೋದ.

"ನಾ ಏನೂ ನೋಡಿಲ್ಲಪಾ," ಎಂದ ಕಲ್ಲಯ್ಯ. "ಒಳಗಿನವ್ರು ಏನ ನೋಡ್ಯಾರ, ಅದು ನನಗ ಗೊತ್ತಿಲ್ಲ."

ಮಧುಕರ ತನ್ನ ಜಾಗಕ್ಕೆ ಬಂದು ಕೂತ. ಕುಂಬಾರನ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವನು ಸ್ಟಾಂಪ್ ಕಾಗದವನ್ನು ಸರಿಪಡಿಸಿಕೊಳ್ಳಲು ಅದರ ಅಂಚನ್ನು ಒತ್ತಿ ಹಿಡಿದ. ಕೈ ತೆಗೆದಾಗ ಅಲ್ಲಿ ಅವನ ಹೆಬ್ಬೆಟ್ಟು ಮೂಡಿತ್ತು. ಅರಿಷಿಣದ್ದು. ಗೆರೆ ಗೆರೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು.

ಅವನು ಧೋತರದ ಚುಂಗಿನಿಂದ ಒರೆಸಿದ. ಗುರುತು ಇನ್ನಷ್ಟು ಹರಡಿತು.

"ಸುಣ್ಣಾ ಕೊಡ್ಲೇನ?" ಕಲ್ಲಯ್ಯ ಡೆಸ್ಕಿನ ಕೆಳಗಿಂದ ಸುಣ್ಣದ ಡಬ್ಬಿ ತೆಗೆದು ಮುಂದೆ ಚಾಚಿದ. "ಹಚ್ಚು. ಹಳದಿ ಹೋಗ್ತೈತಿ."

"ಹೋಗಂಗಿಲ್ರಿ. ಕೆಂಪ ಆಗ್ತದ."

"ಆಗಲಿ. ಕುಂಕುಮ ಅಂತ ಹೇಳೀಯಂತ." ಕಲ್ಲಯ್ಯ ತನ್ನ ಮಾತಿಗೆ ತಾನೇ ನಕ್ಕು ಡಬ್ಬಿ ಮುಚ್ಚಿದ.

ಮಲಪ್ರಭೆಯ ಸೇತುವೆಯ ಕಡೆಯಿಂದ ರೈಲಿನ ಶಿಳ್ಳು ಕೇಳಿಸಿತು. ಜವಾನ ಟಾಂಗಾ ಕರೆಯಲು ಓಡಿದ. ಜಗಲಿಯ ಮೇಲೆ ಮಳೆಯ ನಾಲ್ಕು ಹನಿ ಬಿದ್ದು ನಿಂತವು.

"ಕಾಗದ ಕೆಟ್ಟೇತೇನ್ರೀ?" ಎಂದು ಕುಂಬಾರ ಅಂಜುತ್ತ ಕೇಳಿದ. "ಮತ್ತೊಂದ ತರಬೇಕೇನು?"

"ಬ್ಯಾಡ್ರಿ. ಇದ ನಡೀತದ."

ಮಧುಕರ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡು ಮತ್ತೆ ಹಾಕಿಕೊಂಡ. ಲೇಖಣಿಯನ್ನು ಮಸಿಯಲ್ಲಿ ಅದ್ದಿದ. ಜಾಗದ ಗಡಿಗಳನ್ನು ಬರೆಯುವುದು ಇನ್ನೂ ಉಳಿದಿತ್ತು. ಪೂರ್ವಕ್ಕೆ ಸರಕಾರಿ ರಸ್ತೆ. ಪಶ್ಚಿಮಕ್ಕೆ ಹಳೆಯ ಬಾವಿ. ಉತ್ತರಕ್ಕೆ ಎಂದು ಬರೆಯುತ್ತ ಸಾಲು ಅಂಚಿನ ಹತ್ತಿರ ಬಂದಾಗ, ಹಳದಿ ಗುರುತಿಗೆ ತಾಗದಂತೆ ಅವನು ಅಕ್ಷರಗಳನ್ನು ಸ್ವಲ್ಪ ಒತ್ತಾಗಿ ಬರೆದು, ಕೆಳಗಿನ ಸಾಲಿಗೆ ಹೋದ.